ಮುನ್ನುಡಿಯಲ್ಲೇ ಕೊಲೆಗಾರ ಸಿಕ್ಕಿಬಿದ್ದಿದ್ದಾನೆ: ಸ್ವಂತ ಖರ್ಚಿನ ಮೊದಲ ಪತ್ತೇದಾರಿ ಕಾದಂಬರಿಯನ್ನು ಈಗ ಏನು ಮಾಡಲಿ?

ಮೊದಲ_ಪುಸ್ತಕ (ಭಾನುವಾರ, ರಾತ್ರಿ 9.12)

ಎಲ್ಲರಿಗೂ ನಮಸ್ಕಾರ. ನಾನು ಹಾಸನ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವ ಮೇಷ್ಟ್ರು. ಆರು ವರ್ಷ ಬರೆದು, ಮೂವರು ಪ್ರಕಾಶಕರಿಗೆ ಕಳುಹಿಸಿ, ಇಬ್ಬರಿಂದ ಉತ್ತರವೇ ಬಾರದೆ, ಮೂರನೆಯವರಿಂದ "ಪತ್ತೇದಾರಿಗೆ ಈಗ ಓದುಗರಿಲ್ಲ" ಎಂಬ ಒಂದು ಸಾಲು ಬಂದ ಮೇಲೆ, ನನ್ನ ಮೊದಲ ಕಾದಂಬರಿಯನ್ನು ನಾನೇ ಅಚ್ಚು ಹಾಕಿಸಿದೆ. ಡೆಮಿ ಅಷ್ಟ ಅಳತೆಯಲ್ಲಿ 224 ಪುಟ, 500 ಪ್ರತಿ, ಬೆಲೆ 250 ರೂಪಾಯಿ. ಕಳೆದ ವಾರ ಬಂದ ಕಟ್ಟುಗಳು ನಡುಮನೆಯಲ್ಲಿ ಸೊಂಟದೆತ್ತರಕ್ಕೆ ನಿಂತಿವೆ. ನಮ್ಮ ತಾಯಿ ಅವುಗಳ ಮೇಲೆ ಹಳೆಯ ಪಂಚೆ ಹೊದಿಸಿ ಒಣಮೆಣಸಿನಕಾಯಿಯ ಮೊರ ಇಟ್ಟಿದ್ದಾರೆ.

ತೊಂದರೆ ಇರುವುದು ಮುನ್ನುಡಿಯಲ್ಲಿ. ಕಾಲೇಜಿನಲ್ಲಿ ನನಗೆ ಕನ್ನಡ ಕಲಿಸಿದ ಗುರುಗಳು ಪ್ರೀತಿಯಿಂದ ನಾಲ್ಕು ಪುಟ ಬರೆದುಕೊಟ್ಟರು. ಅದು ಕೊನೆಯ ದಿನ ನೇರವಾಗಿ ಡಿಟಿಪಿಯವರ (ಕಂಪ್ಯೂಟರಿನಲ್ಲಿ ಪುಟ ಕಟ್ಟುವವರ) ಕೈಸೇರಿತು. ಮೊದಲ ಪ್ಯಾರಾದಲ್ಲಿ ನನ್ನ ಹೊಗಳಿಕೆ ನೋಡಿ ಸಂಕೋಚವಾಗಿ ಮುಂದೆ ಓದದೆ ಒಪ್ಪಿಗೆ ಕೊಟ್ಟೆ. ಏಳನೆಯ ಪುಟದಲ್ಲಿ ಹೀಗಿದೆ: "ಊರಿಗೆಲ್ಲ ಔಷಧಿ ಕೊಡುತ್ತಿದ್ದ ಕಾಂಪೌಂಡರನೇ ಕೊಲೆಗಾರನೆಂದು ತಿಳಿದಾಗ ಓದುಗನಿಗೆ ಆಗುವ ಆಘಾತವು ಲೇಖಕರ ಕೌಶಲಕ್ಕೆ ಸಾಕ್ಷಿ."

31 ಪ್ರತಿಗಳು ಈಗಾಗಲೇ ಹೊರಗೆ ಹೋಗಿವೆ. ಉಳಿದವನ್ನು ಏನು ಮಾಡಬೇಕು, ಇನ್ನೂ ಎಂಥ ಹೊಂಡಗಳು ಮುಂದಿವೆ ಎಂಬುದನ್ನು ಅನುಭವಸ್ಥರು ದಯವಿಟ್ಟು ತಿಳಿಸಬೇಕು.

ಚಹಾ_ಚಾಕು (9.20)

ನಗಬಾರದೆಂದುಕೊಂಡೇ ನಗುತ್ತಿದ್ದೇನೆ ಸರ್, ಕ್ಷಮಿಸಿ. ಆದರೆ ಕೊಳ್ಳಬಹುದಾಗಿದ್ದ ನಮಗೆಲ್ಲ ಈಗ ನೀವೇ ಕೊಲೆಗಾರನನ್ನು ಹೇಳಿಬಿಟ್ಟಿರಿ.

ಮೊದಲ_ಪುಸ್ತಕ (9.23)

ಅಯ್ಯೋ, ಹೌದಲ್ಲ.

ಬೈಂಡಿಂಗ್_ಮನೆ (9.51)

ಗಾಬರಿಯಾಗಬೇಡಿ ಮೇಷ್ಟ್ರೇ. ಮೊದಲು ಪುಸ್ತಕವನ್ನು ಬಿಡಿಸಿ ಅದರ ಬೆನ್ನನ್ನು ನೋಡಿ. ಹದಿನಾರು ಪುಟ ಒಟ್ಟಿಗೆ ಮಡಿಸಿದ ಒಂದೊಂದು ಫಾರಂನ ನಡುಮಡಿಕೆಯಲ್ಲಿ ದಾರ ಕಂಡರೆ ಅದು ಹೊಲಿಗೆಯ ಪುಸ್ತಕ. ಅದರಲ್ಲಿ ಒಂದು ಹಾಳೆ ತೆಗೆದರೆ ಮಡಿಕೆಯ ಆಚೆ ಬದಿಯ ಜೋಡಿ ಹಾಳೆಯೂ ಸಡಿಲವಾಗಿ ನಾಲ್ಕು ದಿನದಲ್ಲಿ ಓದುಗರ ಕೈಗೆ ಬರುತ್ತದೆ. ಆದರೆ 500 ಪ್ರತಿಯ ಕೆಲಸವಾದ್ದರಿಂದ ನಿಮ್ಮದು ಬಹುಶಃ ಪರ್ಫೆಕ್ಟ್ ಬೈಂಡಿಂಗ್ ಇರಬೇಕು. ಅಲ್ಲಿ ಯಂತ್ರ ಫಾರಂಗಳ ಬೆನ್ನನ್ನು ಕೆರೆದು ಬಿಸಿ ಗೋಂದು ಹಾಕುವುದರಿಂದ ಪ್ರತಿಯೊಂದು ಹಾಳೆಯೂ ಬಿಡಿಬಿಡಿಯಾಗಿಯೇ ಅಂಟಿರುತ್ತದೆ.

5ರಿಂದ 8ರವರೆಗಿನ ಪುಟಗಳೆಂದರೆ ಎರಡೇ ಹಾಳೆ. ಅಡಿಯಲ್ಲಿ ಒಂದು ರಟ್ಟು, ಮೇಲೆ ಉಕ್ಕಿನ ಅಳತೆಪಟ್ಟಿ ಇಟ್ಟು, ಬೆನ್ನಿನಿಂದ ಅರ್ಧ ಸೆಂಟಿಮೀಟರ್ ಬಿಟ್ಟು, ಹೊಸ ಬ್ಲೇಡಿನಿಂದ ಒಂದೇ ಎಳೆತಕ್ಕೆ ಕತ್ತರಿಸಿ. ಯಾವ ಕಾರಣಕ್ಕೂ ಕೀಳಬೇಡಿ, ಕಿತ್ತರೆ ಗೋಂದು ಬಿರುಕು ಬಿಟ್ಟು ಒಂಬತ್ತನೆಯ ಪುಟವೂ ಅದರ ಹಿಂದೆಯೇ ಹೊರಡುತ್ತದೆ.

ಬಾಡಿಗೆ_ಪುಸ್ತಕ (10.05)

ಗುರುಗಳು ಬರೆದದ್ದನ್ನು ಬ್ಲೇಡು ಹಿಡಿದು ಕತ್ತರಿಸಿರೆಂದು ಇಷ್ಟು ಸಲೀಸಾಗಿ ಹೇಳುವುದು ನನಗೆ ಸರಿಕಾಣುವುದಿಲ್ಲ. ಕೊಲೆಗಾರನ ಹೆಸರು ಗೊತ್ತಾದ ಮಾತ್ರಕ್ಕೆ ಸಾಯುವ ಕಾದಂಬರಿ ಎಂಥ ಕಾದಂಬರಿ? ನಾವು ಚಿಕ್ಕವರಿದ್ದಾಗ ತುಮಕೂರಿನ ಬಾಡಿಗೆ ಗ್ರಂಥಾಲಯದಿಂದ ದಿನಕ್ಕೆ ಇಪ್ಪತ್ತೈದು ಪೈಸೆ ಕೊಟ್ಟು ಪತ್ತೇದಾರಿ ಪುಸ್ತಕಗಳನ್ನು ತರುತ್ತಿದ್ದೆವು. ನಮಗಿಂತ ಮೊದಲು ಓದಿದ ಯಾರೋ ಪುಣ್ಯಾತ್ಮರು ಶೀರ್ಷಿಕೆಯ ಪುಟದಲ್ಲೇ ಪೆನ್ಸಿಲಿನಿಂದ "ಅಡುಗೆಯವನೇ ಕೊಂದದ್ದು" ಎಂದು ಬರೆದಿಟ್ಟಿರುತ್ತಿದ್ದರು. ಆದರೂ ನಾವು ಕೊನೆಯವರೆಗೆ ಓದಿದೆವು, ಏಕೆಂದರೆ ಆ ಬರಹ ಸುಳ್ಳೂ ಆಗಿರಬಹುದಿತ್ತು.

ಕರಡಕ್ಕ (10.31)

ಪೆನ್ಸಿಲಿನ ಬರಹ ಸುಳ್ಳಿರಬಹುದು. ಮುನ್ನುಡಿ ಸುಳ್ಳು ಹೇಳುವುದಿಲ್ಲವೆಂಬುದೇ ಇಲ್ಲಿನ ತೊಂದರೆ. ನಾನು ಹನ್ನೆರಡು ವರ್ಷದಿಂದ ಕರಡು ತಿದ್ದುತ್ತಿದ್ದೇನೆ. ನಮ್ಮಲ್ಲಿ ಮುನ್ನುಡಿ, ಬೆನ್ನುಡಿ, ಲೇಖಕರ ಮಾತು, ಕೃತಜ್ಞತೆ ಎಂದು ಕಾದಂಬರಿಯ ಸುತ್ತ ನಾಲ್ಕು ಕಾವಲುಗಾರರನ್ನು ನಿಲ್ಲಿಸುವ ಪದ್ಧತಿ ಕವನ ಸಂಕಲನಕ್ಕೆ ಒಪ್ಪಬಹುದು, ಕೊಲೆಯ ಕಥೆಗೆ ಒಪ್ಪುವುದಿಲ್ಲ. ಕೃತಜ್ಞತೆಯಲ್ಲಿ "ವಿಷಪ್ರಾಶನದ ವಿವರ ಒದಗಿಸಿದ ವೈದ್ಯಮಿತ್ರರಿಗೆ" ಎಂದು ವಂದಿಸಿ, ಹೃದಯಾಘಾತವೆಂದು ಎಂಬತ್ತು ಪುಟ ನಂಬಿಸಿದ ಸಾವಿನ ಗುಟ್ಟನ್ನು ಬಿಟ್ಟುಕೊಟ್ಟ ಲೇಖಕರನ್ನು ನಾನೇ ತಡೆದಿದ್ದೇನೆ. ಪರಿವಿಡಿಯನ್ನೂ ನೋಡಿಕೊಳ್ಳಿ, "ಅಧ್ಯಾಯ 27: ತಮ್ಮನ ತಪ್ಪೊಪ್ಪಿಗೆ" ಎಂದು ಅಚ್ಚಾಗಿದ್ದರೆ ಮುನ್ನುಡಿ ತೆಗೆದೂ ಪ್ರಯೋಜನವಿಲ್ಲ.

ಇನ್ನೊಂದು ಅಪಾಯ ಕಂಪ್ಯೂಟರಿನ "ಹುಡುಕಿ ಬದಲಿಸು" ಎಂಬುದು. ಒಬ್ಬರು ಕೊನೆಯ ಗಳಿಗೆಯಲ್ಲಿ ನಾಯಕ ರವಿಯನ್ನು ಶಶಿ ಮಾಡಿದರು. ಮರುದಿನ ನನಗೆ ಬಂದ ಕರಡಿನಲ್ಲಿ ಹತಳಾದ ಹೆಂಗಸು ನೀಲಿ ಶಶಿಕೆ ತೊಟ್ಟಿದ್ದಳು, ಅಶಶಿಂದನೆಂಬ ಇನ್‌ಸ್ಪೆಕ್ಟರು ಅವಳ ಮನೆಯವರ ನೆಶಶಿಗೆ ಶಶಿವಾರ ಬರುವುದಾಗಿ ಮಾತು ಕೊಟ್ಟಿದ್ದರು.

ಕೊನೆಯದು ನಮ್ಮ ಭಾಷೆಗೇ ಸೇರಿದ್ದು. ಕನ್ನಡದ ಕ್ರಿಯಾಪದ ಚಾಡಿಕೋರ. "ಬಾಗಿಲು ತೆರೆದು ಒಳಗೆ ಬಂದನು" ಎಂದು ಬರೆದ ಕೂಡಲೇ ಸಂಶಯದ ಪಟ್ಟಿಯಲ್ಲಿದ್ದ ಹೆಂಗಸರೆಲ್ಲ ಪಾರಾಗುತ್ತಾರೆ. ಅದಕ್ಕಾಗಿ ಲೇಖಕರು "ಒಂದು ಆಕೃತಿ ಒಳಗೆ ಬಂದಿತು" ಎಂದು ಬರೆದಿರುತ್ತಾರೆ. ಕಥೆಯ ಗುಟ್ಟಿನ ಗೊಡವೆಯಿಲ್ಲದೆ ವ್ಯಾಕರಣ ಮಾತ್ರ ತಿದ್ದುವ ಕರಡುಗಾರರು, ಮುಂದಿನ ಪುಟಗಳಲ್ಲಿ ಅದು ಹೆಂಗಸೆಂದು ಗೊತ್ತಾದ ಮೇಲೆ ಹಿಂದಿರುಗಿ ಬಂದು, ಅದನ್ನು "ಬಂದಳು" ಎಂದು ತಿದ್ದಿಬಿಡುತ್ತಾರೆ. ಕರಡಿಗೆ ಕೊಡುವ ಮುನ್ನ, ಬೇಕೆಂದೇ ಮರೆಮಾಡಿದ ವಾಕ್ಯಗಳ ಪಟ್ಟಿಯನ್ನು ಬೇರೆ ಹಾಳೆಯಲ್ಲಿ ಬರೆದುಕೊಡಿ.

ಶಿರಸಿ_ಸೋಮಾರಿ (10.44)

ಅಕ್ಕಾ, ನಿಮ್ಮ "ಆಕೃತಿ ಬಂದಿತು" ಎಂಬುದೇ ದೊಡ್ಡ ಸುಳಿವು. ಅದನ್ನು ಓದಿದ ಕೂಡಲೇ ಕೊಲೆ ಮಾಡಿದ್ದು ಹೆಂಗಸೆಂದು ನನಗೆ ತಿಳಿಯುತ್ತದೆ. ಗಂಡಸಾಗಿದ್ದರೆ ಲೇಖಕರು ಇಷ್ಟು ಒದ್ದಾಡುತ್ತಿರಲಿಲ್ಲ. ಅದೂ ಅಲ್ಲದೆ ನಮ್ಮ ಹವ್ಯಕ ಮಾತಿನಲ್ಲಿ ಹೆಂಗಸರಿಗೂ "ಅದು ಬಂತು" ಎನ್ನುವ ರೂಢಿ ಇರುವುದರಿಂದ ನಮ್ಮ ಮನೆಯವರ ಮುಂದೆ ಈ ಉಪಾಯ ನಡೆಯುವುದೇ ಇಲ್ಲ.

ಕರಡಕ್ಕ (10.52)

ಒಪ್ಪಿದೆ. ಹಾಗಾದರೆ ಕೊಲೆಗಾರರನ್ನು ತೋರಿಸುವ ಬದಲು ಸಾಯುವವರ ಕಿವಿಯಿಂದ ಬರೆಯಲಿ: ಮೆಟ್ಟಿಲ ಮೇಲೆ ಸದ್ದಾಯಿತು, ಚಿಲಕ ಸರಿಯಿತು, ದೀಪ ಆರಿತು. ಇಲ್ಲವೇ ಕೊಲೆಗಾರರಿಂದಲೇ "ನಾನು ಬಂದೆ" ಎಂದು ಹೇಳಿಸಲಿ. ಉತ್ತಮ ಪುರುಷದಲ್ಲಿ ಕ್ರಿಯಾಪದ ಬಾಯಿ ಬಿಡುವುದಿಲ್ಲ.

ನಿವೃತ್ತ_ಜಮೇದಾರ (ಸೋಮವಾರ, ಬೆಳಿಗ್ಗೆ 6.15)

ಮೂವತ್ತೊಂದು ವರ್ಷ ಠಾಣೆಯಲ್ಲಿ ಇದ್ದವನು, ಆದ್ದರಿಂದ ಭಾಷೆಯ ಗೊಡವೆ ನನಗೆ ಬೇಡ. ನನಗೆ ಕೋಪ ಬರುವುದು ಬೇರೆ ಕಾರಣಕ್ಕೆ. ಹೊಸಬರ ಕಾದಂಬರಿಗಳಲ್ಲಿ ಬೆಂಗಳೂರು ನಗರದ ಠಾಣೆಗೆ ಡಿವೈಎಸ್‌ಪಿ ಬರುತ್ತಾರೆ. ಕಮಿಷನರೇಟ್ ಇರುವ ಊರಿನಲ್ಲಿ ಆ ದರ್ಜೆಯವರನ್ನು ಎಸಿಪಿ ಎನ್ನುತ್ತಾರೆ. ನಿಮ್ಮ ಕಥೆ ಹಾಸನದಲ್ಲೇ ನಡೆದರೆ ಎಸ್‌ಪಿ, ಡಿವೈಎಸ್‌ಪಿ ಸರಿ. ಹೆಣ ಸಿಕ್ಕ ಕೂಡಲೇ ಎಲ್ಲರೂ ಕೊಲೆ ಕೇಸು ಬರೆದುಬಿಡುತ್ತಾರೆ. ಕಾರಣ ತಿಳಿಯದ ಸಾವಿಗೆ ಮೊದಲು ಯುಡಿಆರ್, ಅಂದರೆ ಅಸಹಜ ಸಾವಿನ ವರದಿ, ದಾಖಲಾಗಿ, ಮರಣೋತ್ತರ ಪರೀಕ್ಷೆಯಲ್ಲಿ ಕೊಲೆಯೆಂದು ಕಂಡ ಮೇಲೆ ಅದು ತಿರುಗುವುದುಂಟು. ನಿಜವಾದ ಕುತೂಹಲ ಇರುವುದೇ ಆ ತಿರುವಿನಲ್ಲಿ, ಅದನ್ನು ಯಾರೂ ಬಳಸಿಕೊಳ್ಳುವುದಿಲ್ಲ. ಬೆಂಗಳೂರಿನ ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಸಂಜೆ ಮಾದರಿ ಕಳುಹಿಸಿದರೆ ಬೆಳಿಗ್ಗೆ ಡಿಎನ್‌ಎ ವರದಿ ಮೇಜಿನ ಮೇಲೆ ಇರುತ್ತದೆ, ಪಾಪ. ಮಹಜರು ಎನ್ನದೆ ಹಿಂದಿ ಧಾರಾವಾಹಿ ನೋಡಿ ಪಂಚನಾಮೆ ಎನ್ನುತ್ತಾರೆ. ಎಲ್ಲಕ್ಕಿಂತ ಮೇಲಾಗಿ, ಕೊನೆಯ ಅಧ್ಯಾಯದಲ್ಲಿ ಅಪರಾಧಿ ಇನ್‌ಸ್ಪೆಕ್ಟರ ಮುಂದೆ ಹತ್ತು ಪುಟ ತಪ್ಪೊಪ್ಪಿಕೊಂಡರೆ ಕಥೆ ಮುಗಿಯಿತೆಂದು ತಿಳಿಯುತ್ತಾರೆ. ಪೊಲೀಸರ ಮುಂದಿನ ತಪ್ಪೊಪ್ಪಿಗೆ ನ್ಯಾಯಾಲಯದಲ್ಲಿ ಸಾಕ್ಷ್ಯವಲ್ಲ. ಈಗಂತೂ 302 ಎಂದು ಬರೆದರೆ ತಪ್ಪು. 2024ರ ಜುಲೈ 1ರಿಂದ ಕೊಲೆ ಎಂದರೆ ಭಾರತೀಯ ನ್ಯಾಯ ಸಂಹಿತೆಯ 103.

ಕರಿಕೋಟು (7.02)

ಜಮೇದಾರರ ಮಾತಿಗೆ ಎರಡು ತಿದ್ದುಪಡಿಗಳು. ಕಲಂ ಯಾವುದೆಂಬುದು ಪುಸ್ತಕ ಅಚ್ಚಾದ ದಿನಾಂಕದಿಂದ ತೀರ್ಮಾನವಾಗುವುದಿಲ್ಲ, ಕೃತ್ಯ ನಡೆದ ದಿನಾಂಕದಿಂದ ತೀರ್ಮಾನವಾಗುತ್ತದೆ. ಕಥೆಯ ಕೊಲೆ 2019ರಲ್ಲಿ ನಡೆದಿದ್ದರೆ, ಹೆಣ 2025ರಲ್ಲಿ ಬಾವಿಯಿಂದ ಮೇಲೆ ಬಂದರೂ, ಆರೋಪ ಹಳೆಯ ದಂಡ ಸಂಹಿತೆಯ 302ರ ಅಡಿಯಲ್ಲೇ. ತಪ್ಪೊಪ್ಪಿಗೆಯ ವಿಷಯದಲ್ಲಿಯೂ ಒಂದು ಕಿಂಡಿಯಿದೆ: ಆರೋಪಿಯ ಹೇಳಿಕೆಯಿಂದ ಚಾಕುವೋ ಒಡವೆಯೋ ಪತ್ತೆಯಾದರೆ, ಹೇಳಿಕೆಯಲ್ಲಿ ಆ ಪತ್ತೆಗೆ ನೇರವಾಗಿ ಸಂಬಂಧಿಸಿದಷ್ಟು ಭಾಗವನ್ನು ಸಾಕ್ಷ್ಯವಾಗಿ ಬಳಸಬಹುದು. ಒಳ್ಳೆಯ ಕಾದಂಬರಿಗೆ ಅಷ್ಟು ಕಿಂಡಿ ಸಾಕು.

ಖಾಸಗಿ ಪತ್ತೇದಾರರಿಂದ ಯಾರ ಬಂಧನವನ್ನೂ ಮಾಡಿಸಬೇಡಿ, ಠಾಣೆಯ ಕಡತಗಳನ್ನು ಹಕ್ಕಿನಿಂದ ತರಿಸಬೇಡಿ. ಅವರಿಗಾಗಿ 2007ರಲ್ಲಿ ರಾಜ್ಯಸಭೆಯಲ್ಲಿ ಮಂಡನೆಯಾದ ಮಸೂದೆ ಕಾಯ್ದೆಯಾಗಲೇ ಇಲ್ಲ. ಪ್ರತಿ ಅಧ್ಯಾಯದ ತಲೆಯ ಮೇಲೆ ಚಿತ್ರಗೀತೆಯ ಸಾಲುಗಳನ್ನು ಹಾಕುವ ಆಸೆಯನ್ನೂ ಬಿಡಿ. ಗೀತರಚನಕಾರರು ತೀರಿಕೊಂಡ ಮೇಲೆ 60 ವರ್ಷದವರೆಗೆ ಹಕ್ಕುಸ್ವಾಮ್ಯ ಉಳಿದಿರುತ್ತದೆ, ದೊಡ್ಡ ಪ್ರಕಾಶಕರಿಗೆ ಅನುಮತಿ ತರಲು ಜನರಿರುತ್ತಾರೆ, ನಿಮಗೆ ನೀವೊಬ್ಬರೇ.

ಗೋಕಾಕ_ಕರದಂಟು (7.30)

ಪಂಚನಾಮೆ ಹಿಂದಿ ಧಾರಾವಾಹಿಯಿಂದ ಬಂದದ್ದಲ್ಲ ಜಮೇದಾರರೇ. ಬೆಳಗಾವಿ, ಧಾರವಾಡದ ಕಡೆ ನಮ್ಮ ಅಜ್ಜನ ಕಾಲದಿಂದಲೂ ಪಂಚನಾಮೆಯೇ. ಕಥೆ ಯಾವ ಊರಿನದೋ ಆ ಊರಿನ ಮಾತು ಇರಲಿ.

ನಿವೃತ್ತ_ಜಮೇದಾರ (7.41)

ಒಪ್ಪಿದೆ. ನಾನು ತುಂಗಭದ್ರೆಯ ಆಚೆ ಕೆಲಸ ಮಾಡಿದವನಲ್ಲ.

ಮಳಿಗೆ_ಮೂಲೆ (11.18)

ಎಲ್ಲರೂ ಕೊಲೆಯ ವಿಷಯವನ್ನೇ ಮಾತನಾಡುತ್ತಿದ್ದೀರಿ, ಲೆಕ್ಕವನ್ನು ಯಾರೂ ಕೇಳಲಿಲ್ಲ. ನನ್ನದು ಸಣ್ಣ ಪುಸ್ತಕದಂಗಡಿ. ಮೇಷ್ಟ್ರೇ, ಖರ್ಚಿನ ವಿವರ ಹಾಕುತ್ತೀರಾ?

ಮೊದಲ_ಪುಸ್ತಕ (ಮಧ್ಯಾಹ್ನ 1.35)

ಶಾಲೆಯ ಊಟದ ಬಿಡುವಿನಲ್ಲಿ ಬರೆಯುತ್ತಿದ್ದೇನೆ. ಅಚ್ಚು, ಕಾಗದ, ಬೈಂಡಿಂಗ್ ಸೇರಿ ಪ್ರತಿಗೆ 92 ರೂಪಾಯಿಯಂತೆ 46,000. ಡಿಟಿಪಿ ಪುಟಕ್ಕೆ 30ರಂತೆ 6,720. ಕರಡಿಗೆ ಪುಟಕ್ಕೆ 15ರಂತೆ 3,360. ಮುಖಪುಟಕ್ಕೆ 5,000. ಒಟ್ಟು 61,080. ಕರಡು ತಿದ್ದಿದವರಿಗೆ ಮುನ್ನುಡಿಯನ್ನು ತೋರಿಸಿರಲಿಲ್ಲ, ಆದ್ದರಿಂದ ಅವರದೇನೂ ತಪ್ಪಿಲ್ಲ.

ಮಳಿಗೆ_ಮೂಲೆ (2.10)

ಅಂಗಡಿಗೆ 40 ಶೇಕಡಾ ರಿಯಾಯಿತಿ ಕೊಟ್ಟರೆ ನಿಮ್ಮ ಕೈಗೆ ಬರುವುದು 150 ರೂಪಾಯಿ. ಹಾಕಿದ ಹಣ ಹಿಂದಿರುಗಬೇಕಾದರೆ 408 ಪ್ರತಿಗಳು ಮಾರಾಟವಾಗಬೇಕು. ಗೌರವ ಪ್ರತಿಗಳೆಂದು ಅರವತ್ತು ಹಂಚಿದರೆ ಉಳಿಯುವುದೇ 440. ಅಂದರೆ ನೀವು ಬಹುತೇಕ ಎಲ್ಲವನ್ನೂ ಮಾರಿದರೆ ಮಾತ್ರ ನಷ್ಟವಿಲ್ಲ. ಬಿಡುಗಡೆ ಸಮಾರಂಭ, ಸಭಾಂಗಣ, ಶಾಲು, ಹಾರ, ಉಪ್ಪಿಟ್ಟು, ಕೇಸರಿಬಾತು ಇನ್ನೂ ಈ ಲೆಕ್ಕಕ್ಕೆ ಬಂದಿಲ್ಲ. ಪುಸ್ತಕದ ಅಚ್ಚಿಗಿಂತ ಬಿಡುಗಡೆಗೆ ಹೆಚ್ಚು ಖರ್ಚು ಮಾಡಿದ ಇಬ್ಬರನ್ನು ನಾನು ಬಲ್ಲೆ. ಪುಸ್ತಕಕ್ಕೆ ಜಿಎಸ್‌ಟಿ ಇಲ್ಲವೆಂದು ನೆಮ್ಮದಿಯಿಂದಿರುವವರು ಮುದ್ರಣದ ಬಿಲ್ಲಿನಲ್ಲಿ ಅದು ಬಂದಾಗ ಬೆಚ್ಚುತ್ತಾರೆ, ಮತ್ತು ನೋಂದಣಿ ಇಲ್ಲದ ಲೇಖಕರು ಅದನ್ನು ಎಲ್ಲಿಯೂ ವಜಾ ಮಾಡಿಕೊಳ್ಳಲಾರರು.

ಅಂಗಡಿಯವರು ಹಣ ಕೊಡುವುದು ಪುಸ್ತಕ ಮಾರಾಟವಾದ ಮೇಲೆ, ಅದೂ ನೀವು ಕೇಳಿದ ಮೇಲೆ. ನಾನೂ ಹಾಗೆಯೇ ಮಾಡುತ್ತೇನೆ, ಮುಚ್ಚುಮರೆ ಏಕೆ? ಹತ್ತು ಪ್ರತಿ ಇಟ್ಟು ಹೋಗಿ ಎರಡು ವರ್ಷ ಬಾರದವರ ಪುಸ್ತಕ ನನ್ನಲ್ಲಿ ಮೇಲಿನ ಅಟ್ಟದಲ್ಲಿದೆ. ತಿಂಗಳಿಗೊಮ್ಮೆ ಬಂದು ಚಹಾ ಕುಡಿದು ಹೋಗುವವರ ಪುಸ್ತಕ ಗಲ್ಲಾದ ಪಕ್ಕದಲ್ಲಿದೆ. ಪ್ರತಿ ಕೊಟ್ಟಾಗ ಚಲನ್ ಬರೆದು ಸಹಿ ಹಾಕಿಸಿಕೊಳ್ಳಿ.

ಸುಟ್ಟ_ಕೈ (3.27)

ಮೇಷ್ಟ್ರು ಸ್ವಂತವಾಗಿ ಅಚ್ಚು ಹಾಕಿಸಿದ್ದಕ್ಕೆ ಸಂತೋಷಪಡಲಿ. ನಾನು "ಪ್ಯಾಕೇಜ್" ತೆಗೆದುಕೊಂಡವಳು. ಸಂಪಾದನೆ, ಮುಖಪುಟ, ಐಎಸ್‌ಬಿಎನ್ (ಪುಸ್ತಕದ ಅಂತರರಾಷ್ಟ್ರೀಯ ಗುರುತಿನ ಸಂಖ್ಯೆ), ಪ್ರಚಾರ ಎಲ್ಲವೂ ಸೇರಿದೆಯೆಂದು ಹೇಳಿ ಹಣ ಪಡೆದರು. ಸಂಪಾದನೆಯೆಂದರೆ ಕಾಗುಣಿತ ತಿದ್ದುವ ತಂತ್ರಾಂಶ. ಮುಖಪುಟದಲ್ಲಿ ನಮ್ಮ ಕಡೆ ಯಾರ ಮನೆಯಲ್ಲೂ ಕಾಣದ, ಹಿಮ ಬಿದ್ದ ಬಂಗಲೆ. ನನ್ನ ಕೊಲೆ ನಡೆಯುವುದು ಮಂಡ್ಯದ ಆಲೆಮನೆಯಲ್ಲಿ.

ಐಎಸ್‌ಬಿಎನ್‌ಗೆಂದು ಬೇರೆ ಶುಲ್ಕ ಕಟ್ಟಿಸಿಕೊಂಡಿದ್ದರು. ದೆಹಲಿಯ ರಾಜಾ ರಾಮಮೋಹನ್ ರಾಯ್ ರಾಷ್ಟ್ರೀಯ ಐಎಸ್‌ಬಿಎನ್ ಸಂಸ್ಥೆ ಅದನ್ನು ಉಚಿತವಾಗಿ ಕೊಡುತ್ತದೆ, ಲೇಖಕರೇ ಆನ್‌ಲೈನಿನಲ್ಲಿ ಅರ್ಜಿ ಹಾಕಬಹುದು ಎಂಬುದು ನನಗೆ ಆಮೇಲೆ ತಿಳಿಯಿತು. ಸಂಖ್ಯೆ ಅವರ ಹೆಸರಿನಲ್ಲಿ ಇರುವುದರಿಂದ ದಾಖಲೆಯಲ್ಲಿ ಅವರೇ ಪ್ರಕಾಶಕರು. ಹಣ ಹಾಕಿದ ನಾನು ಬರಿಯ ಲೇಖಕಿ.

ಕರಿಕೋಟು (4.05)

ಒಪ್ಪಂದವನ್ನು ಹೊರತೆಗೆದು ನೋಡಿ ಮೇಡಂ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 19ನೆಯ ಕಲಮಿನ ಪ್ರಕಾರ, ಹಕ್ಕು ವರ್ಗಾವಣೆಯ ಪತ್ರದಲ್ಲಿ ಅವಧಿ ಬರೆಯದಿದ್ದರೆ ಅದು ಐದು ವರ್ಷವೆಂದೇ ಅರ್ಥ. ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಹೊಸಬರು ರುಜು ಹಾಕುವ ಮುನ್ನ ಚಲನಚಿತ್ರ, ವೆಬ್ ಸರಣಿ, ಧ್ವನಿಪುಸ್ತಕ, ಅನುವಾದ ಎಂಬ ನಾಲ್ಕು ಪದಗಳನ್ನು ಹುಡುಕಲಿ. ಅಪರಾಧ ಕಥೆಗೆ ಮುಂದೆಂದಾದರೂ ಹಣ ಬಂದರೆ ಬರುವುದು ಅಲ್ಲಿಂದಲೇ, ಮತ್ತು ಅಚ್ಚಿನ ಖರ್ಚನ್ನೂ ನಿಮ್ಮಿಂದಲೇ ವಸೂಲು ಮಾಡುವವರಿಗೆ ಅವುಗಳನ್ನು ಬರೆದುಕೊಡಲು ಯಾವ ಕಾರಣವೂ ಇಲ್ಲ.

ಮಸ್ಕತ್_ಕನ್ನಡಿಗ (5.50)

ನಮ್ಮಂಥವರಿಗೆ ಇ-ಪುಸ್ತಕ ಮಾಡಬಾರದೇ? ಅಂಚೆ ವೆಚ್ಚ ಪುಸ್ತಕದ ಬೆಲೆಯನ್ನು ಮೀರುತ್ತದೆ.

ನುಡಿ_ಬರಹ_ಎರಡೂ (6.22)

ಮಾಡಬಹುದು, ಆದರೆ ಅಲ್ಲಿಯೂ ಹೊಂಡವಿದೆ. ಅಮೆಜಾನಿನ ಇ-ಪುಸ್ತಕ ಮಳಿಗೆ ಕಿಂಡಲ್ 2016ರ ಡಿಸೆಂಬರಿನಲ್ಲಿ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಪುಸ್ತಕಗಳಿಗೆ ಬಾಗಿಲು ತೆರೆದಾಗ ಕನ್ನಡವನ್ನು ಹೊರಗೇ ನಿಲ್ಲಿಸಿತ್ತು. ನಮ್ಮವರು ಗೂಗಲ್ ಪ್ಲೇ ಬುಕ್ಸ್, ಮೈಲ್ಯಾಂಗ್ ಮುಂತಾದವುಗಳ ಕಡೆ ನಡೆದದ್ದು ಹಾಗೆ.

ನಿಜವಾದ ತಲೆನೋವು ಅಕ್ಷರದ್ದು. ಡಿಟಿಪಿಯವರು ಪೇಜ್‌ಮೇಕರಿನಲ್ಲಿ ನುಡಿ ತಂತ್ರಾಂಶದ ಹಳೆಯ ಆಸ್ಕಿ ಅಕ್ಷರಗಳಿಂದ ಪುಟ ಕಟ್ಟಿದ್ದರೆ, ಅದು ಕಾಗದದ ಮೇಲೆ ಮಾತ್ರ ಕನ್ನಡ. ಕಂಪ್ಯೂಟರಿನ ಪಾಲಿಗೆ ಇಂಗ್ಲಿಷ್ ಅಕ್ಷರಗಳ ಗೊಜ್ಜು. ಎಲ್ಲ ಕಂಪ್ಯೂಟರಿಗೂ ಕನ್ನಡವೆಂದೇ ತಿಳಿಯುವ ಯೂನಿಕೋಡಿಗೆ ಪರಿವರ್ತಿಸುವಾಗ ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಜಿಗಿಯುತ್ತದೆ, ಒತ್ತುಗಳು ಉದುರುತ್ತವೆ. ಮತ್ತೊಮ್ಮೆ 224 ಪುಟವನ್ನೂ ಕರಡು ನೋಡಬೇಕು. ಮೊದಲಿನಿಂದಲೇ ಯೂನಿಕೋಡಿನಲ್ಲಿ ಬರೆದು, ಇನ್‌ಡಿಸೈನಿನಲ್ಲಿ ಪುಟ ಕಟ್ಟುವವರನ್ನು ಹುಡುಕಿ. ಮುದ್ರಣಕ್ಕೆ ಹೋದ ಪಿಡಿಎಫ್ ಜೊತೆಗೆ ಮೂಲ ಕಡತವನ್ನೂ ಪಡೆದುಕೊಳ್ಳಿ. ಹಣ ಪೂರ್ತಿ ಕೊಡುವ ಮೊದಲೇ ಪಡೆಯಿರಿ, ಆಮೇಲೆ ಫೋನು ಎತ್ತುವುದಿಲ್ಲ.

ಬಾಡಿಗೆ_ಪುಸ್ತಕ (7.15)

ಅಂಚೆಯ ಮಾತು ಬಂತೆಂದು ಹೇಳುತ್ತೇನೆ: 2025ರ ಮೇ 1ರಿಂದ ದೇಶದೊಳಗೆ ಪುಸ್ತಕ ಕಳುಹಿಸಲು ಜ್ಞಾನ ಪೋಸ್ಟ್ ಎಂಬ ಅಂಚೆ ಸೇವೆ ಬಂದಿದೆ, 300 ಗ್ರಾಂವರೆಗೆ 20 ರೂಪಾಯಿ, ಐದು ಕಿಲೋಗೆ 100. ಮೇಷ್ಟ್ರ ಪುಸ್ತಕ ಹೊದಿಕೆ ಸಹಿತ 300 ಗ್ರಾಂ ಒಳಗೇ ಬರಬೇಕು.

ಮಳಿಗೆ_ಮೂಲೆ (7.29)

ಅದು ಶೈಕ್ಷಣಿಕ, ಸಾಮಾಜಿಕ, ಸಾಂಸ್ಕೃತಿಕ, ಧಾರ್ಮಿಕ ಪುಸ್ತಕಗಳಿಗೆ ಮಾತ್ರ, ವ್ಯಾಪಾರದ ಮಾಲಿಗೆ ಅಲ್ಲ. ಮುಖಪುಟದಲ್ಲಿ ರಕ್ತ ಸುರಿಯುವ ಚಾಕು ಇದ್ದರೆ ಕೌಂಟರಿನಲ್ಲಿ ಯಾವ ಸಂಸ್ಕೃತಿ ಎಂದು ಕೇಳಿಯಾರು. ಲಕೋಟೆ ಅಂಟಿಸುವ ಮೊದಲೇ ವಿಚಾರಿಸಿಕೊಳ್ಳಿ. ಇನ್ನೊಂದು, 1954ರ ಕಾಯ್ದೆಯಂತೆ ಪ್ರಕಟವಾದ 30 ದಿನದೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಬೇರೆ ಮೂರು ಗ್ರಂಥಾಲಯಗಳಿಗೂ ಪ್ರತಿ ಕಳುಹಿಸುವುದು ಪ್ರಕಾಶಕರ ಹೊಣೆ. ಪ್ರಕಾಶಕರು ಯಾರೆಂದು ಸುತ್ತಲೂ ನೋಡಬೇಡಿ, ನೀವೇ.

ಶಿರಸಿ_ಸೋಮಾರಿ (7.40)

ಆ ನಾಲ್ಕು ಪ್ರತಿಗಳನ್ನು ಮುನ್ನುಡಿಯ ಸಮೇತ ಕಳುಹಿಸಬೇಕೋ, ಕತ್ತರಿಸಿಯೋ?

ಮೊದಲ_ಪುಸ್ತಕ (ಮುಂದಿನ ಭಾನುವಾರ, ಸಂಜೆ 6.48)

ವಾರದ ನಂತರ ಬರೆಯುತ್ತಿದ್ದೇನೆ, ತಡಕ್ಕೆ ಕ್ಷಮೆಯಿರಲಿ. ಬಾಡಿಗೆ_ಪುಸ್ತಕ ಅವರ ಮಾತು ಮನಸ್ಸಿನಲ್ಲಿ ಉಳಿದದ್ದರಿಂದ, ಕತ್ತರಿಸುವ ಮುನ್ನ ಒಂದು ಪ್ರತಿ ಹಿಡಿದು ಅರಸೀಕೆರೆಗೆ ಗುರುಗಳ ಮನೆಗೆ ಹೋದೆ. ವಿಷಯ ಹೇಳಲು ಬಾಯಿ ಬಾರದೆ ಏಳನೆಯ ಪುಟ ತೆರೆದು ಕೈಗೆ ಕೊಟ್ಟೆ. ಅವರು ಕನ್ನಡಕ ಏರಿಸಿ, ತಾವೇ ಬರೆದದ್ದನ್ನು ಎರಡು ಸಲ ಓದಿ, "ಅಲ್ಲಯ್ಯಾ, ನಾನು ಮುನ್ನುಡಿಯನ್ನು ಯಾವತ್ತೂ ಕೊನೆಗೇ ಓದುವವನು, ಎಲ್ಲರೂ ಹಾಗೇ ಅಂದುಕೊಂಡಿದ್ದೆ" ಎಂದರು. ಆಮೇಲೆ ಒಳಗೆ ಹೋಗಿ ಗಡ್ಡ ಹೆರೆಯುವ ಬ್ಲೇಡು ತಂದು, ಬೈಂಡಿಂಗ್_ಮನೆಯವರು ಹೇಳಿದ ಉಕ್ಕಿನ ಪಟ್ಟಿಯೂ ಇಲ್ಲದೆ, ಬರಿಗೈಯಲ್ಲೇ ಎರಡು ಹಾಳೆಯನ್ನು ಎಳೆದು ತೆಗೆದರು. ನಾಲ್ಕು ಪುಟವನ್ನೂ ಮಡಿಸಿ ನನ್ನ ಜೇಬಿಗೆ ಇಟ್ಟು, ಎರಡನೆಯ ಮುದ್ರಣಕ್ಕೆ ಹಿಂದೆ ಹಾಕಿಕೋ ಎಂದರು.

ಉಳಿದ 468 ಪ್ರತಿಗಳನ್ನು ನಾನು, ನನ್ನ ತಾಯಿ, ಹತ್ತನೆಯ ತರಗತಿಯ ಮೂವರು ಹುಡುಗರು ಸೇರಿ ಮೂರು ಸಂಜೆಗಳಲ್ಲಿ ಮುಗಿಸಿದೆವು. ಪರಿವಿಡಿಯಲ್ಲಿ "ಮುನ್ನುಡಿ... 5" ಎಂಬುದು ಹಾಗೆಯೇ ಉಳಿದಿದೆ. ಇದರಿಂದಾಗಿ ಪುಟಗಳು ಕಳುವಾಗಿವೆಯೆಂದು ಫೋನ್ ಮಾಡಿದವರು ಐವರು. ಬೇಕೆಂದೇ ಕತ್ತರಿಸಿದ ಸುಳಿವೆಂದು ತಿಳಿದು, ನಾಪತ್ತೆಯಾದ ನಾಲ್ಕು ಪುಟಗಳಲ್ಲಿ ಏನಿತ್ತೆಂಬುದನ್ನು ತಾನು ಊಹಿಸಿರುವುದಾಗಿ ಪತ್ರ ಬರೆದವರು ಒಬ್ಬರು. ಅವರ ಊಹೆ ನನ್ನ ಕಥೆಗಿಂತ ಚೆನ್ನಾಗಿದೆ.

ಮಳಿಗೆ_ಮೂಲೆಯವರೇ, ಹತ್ತು ಪ್ರತಿ ಕಳುಹಿಸುತ್ತಿದ್ದೇನೆ, ಚಲನ್ ಸಹಿತ.

ಚಹಾ_ಚಾಕು (ಬುಧವಾರ, ರಾತ್ರಿ 8.30)

ಸರ್, ನನ್ನ ಪ್ರತಿ ಇವತ್ತು ಕೈಸೇರಿತು. ಬ್ಲೇಡು ಹಿಡಿದ ಹುಡುಗ ಅವಸರದಲ್ಲಿ ಇದ್ದಿರಬೇಕು, ಏಳನೆಯ ಪುಟದ ಬುಡದಲ್ಲಿ ಓರೆಯಾಗಿ ಹೋಗಿದೆ. ಉಳಿದ ಅಂಚಿನಲ್ಲಿ ಒಂದು ಸಾಲಿನ ಮೊದಲ ಅಕ್ಷರ ಮಾತ್ರ ಕಾಣುತ್ತಿದೆ: "ಕಾಂ".